ಅರಿಶಿನದ ತುಂಡುಗಳಲ್ಲಿ ಜೀವಕೋಶದ ಅಳತೆ

ಬೆಂಗಳೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ತೊಡಗಿ ಹದಿನೆಂಟು ವರ್ಷಗಳಾದವು. ಜೀವಕೋಶದ ಪಾಠಕ್ಕೆ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಮೂರು ಘನಾಕೃತಿಗಳನ್ನು ಬರೆಯುವುದು ನನ್ನ ಅಭ್ಯಾಸವಾಗಿತ್ತು. ಬಾಹು 1 ಸೆಂಟಿಮೀಟರ್ ಆದರೆ ಮೇಲ್ಮೈ 6 ಚದರ ಸೆಂಟಿಮೀಟರ್, ಘನಫಲ 1 ಘನ ಸೆಂಟಿಮೀಟರ್. ಬಾಹು 2 ಆದರೆ 24 ಮತ್ತು 8. 3 ಆದರೆ 54 ಮತ್ತು 27. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 6, 3, 2 ಎಂದು ಇಳಿಯುತ್ತ ಹೋಗುತ್ತದೆ. ಜೀವಕೋಶ ಬೆಳೆದಷ್ಟೂ ಅದರ ಒಡಲಿನ ಬೇಡಿಕೆ ಹೆಚ್ಚುತ್ತದೆ, ಆದರೆ ಆಹಾರ ಮತ್ತು ಆಮ್ಲಜನಕ ಒಳಬರಬೇಕಾದ ಕೋಶಪೊರೆ ಅದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಆದ್ದರಿಂದ ಜೀವಕೋಶ ಚಿಕ್ಕದಾಗಿಯೇ ಉಳಿಯುತ್ತದೆ ಎಂದು ಹೇಳಿ ಹಲಗೆ ಒರೆಸುತ್ತಿದ್ದೆ. ಮಕ್ಕಳು ಅದನ್ನು ಹಾಗೆಯೇ ಬರೆದು ಪೂರ್ಣ ಅಂಕ ಪಡೆಯುತ್ತಿದ್ದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅದು ಅರ್ಧ ಮಾತು ಎಂದು ನನಗೆ ತಿಳಿಯಲು ಹನ್ನೆರಡು ವರ್ಷ ಬೇಕಾಯಿತು.

ಅದಕ್ಕೆ ಕಾರಣಳಾದವಳು ಕಡೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದ ಆಕೆ ಇಂಗ್ಲಿಷಿನ ಭಯದಿಂದ ಬಾಯಿಬಿಡುತ್ತಲೇ ಇರಲಿಲ್ಲ. ಆ ದಿನ ಎದ್ದು ನಿಂತು, "ಮೇಡಂ, ಕೋಳಿಮೊಟ್ಟೆ ಒಂದೇ ಜೀವಕೋಶ ಅಂತ ಹೋದ ವಾರ ನೀವೇ ಹೇಳಿದ್ರಿ. ಅದು ಹೆಂಗೆ ಅಷ್ಟು ದೊಡ್ಡದಾಯ್ತು? ಅದಕ್ಕೆ ಈ ಲೆಕ್ಕ ಇಲ್ವಾ?" ಎಂದು ಕೇಳಿದಳು. ಅದು ಅಪವಾದ, ಅದರಲ್ಲಿ ಭ್ರೂಣಕ್ಕೆ ಬೇಕಾದ ಆಹಾರ ತುಂಬಿರುತ್ತದೆ ಎಂದು ಹೇಳಿ ಕೂರಿಸಿದೆ. ಅವಳು ಕುಳಿತಳು, ಆದರೆ ಒಪ್ಪಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಪ್ಪಿಗೆಯಾಗಿರಲಿಲ್ಲ. ನಮ್ಮ ಸೊಂಟದ ಬಳಿ ಹೊರಟು ಕಾಲಿನ ಬೆರಳಿನವರೆಗೆ ಇಳಿಯುವ ನರಕೋಶದ ತಂತು ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅಂಥ ಕೋಶ ದೇಹದಲ್ಲಿರುವಾಗ "ಜೀವಕೋಶ ಚಿಕ್ಕದು" ಎಂಬ ವಾಕ್ಯವನ್ನು ಯಾವ ಅರ್ಥದಲ್ಲಿ ಹೇಳುತ್ತಿದ್ದೇನೆ ಎಂಬ ಪ್ರಶ್ನೆ ಅಂದು ಬಸ್ಸಿನಲ್ಲಿ ಮನೆಯವರೆಗೂ ನನ್ನೊಡನೆ ಬಂತು.

ಪಾಠವನ್ನು ಪ್ರಯೋಗವಾಗಿ ಮಾಡಿ ನೋಡಬೇಕೆಂದು ಆಗ ನಿರ್ಧರಿಸಿದೆ. ಇದಕ್ಕೆ ಎಲ್ಲ ಕಡೆ ಬಳಕೆಯಲ್ಲಿರುವ ಒಂದು ಪ್ರಯೋಗವಿದೆ. ಅಗಾರ್ ಎಂಬ ಕಡಲಪಾಚಿಯ ಅಂಟಿನ ಗಟ್ಟಿಯೊಳಗೆ ಫಿನಾಲ್ಫ್ತಲೀನ್ ಎಂಬ, ಕ್ಷಾರದಲ್ಲಿ ಬಣ್ಣ ತೋರುವ ಸೂಚಕವನ್ನೂ ಸ್ವಲ್ಪ ಕ್ಷಾರವನ್ನೂ ಸೇರಿಸಿ ಗುಲಾಬಿ ಬಣ್ಣದ ಘನಗಳನ್ನು ಕತ್ತರಿಸಿ, ತಿಳಿಯಾದ ಆಮ್ಲದಲ್ಲಿ ಮುಳುಗಿಸಿಡುತ್ತಾರೆ. ಆಮ್ಲ ಒಳಹೋದಷ್ಟು ದೂರ ಬಣ್ಣ ಮಾಯವಾಗುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಆ ವರ್ಷ ಪ್ರಯೋಗಾಲಯ ದರ್ಜೆಯ ಅಗಾರ್ ಇರಲಿಲ್ಲ, ಫಿನಾಲ್ಫ್ತಲೀನ್ ಸೀಸೆ ತಳದಲ್ಲಿ ಒಣಗಿ ಕೂತಿತ್ತು, ಹೊಸದಕ್ಕೆ ಬರೆದ ಬೇಡಿಕೆ ಪತ್ರ ಯಾವ ಮೇಜಿನ ಮೇಲಿತ್ತೋ ಗೊತ್ತಿಲ್ಲ. ಅಗಾರಿಗೆ ದಾರಿ ಸುಲಭವಾಗಿಯೇ ಸಿಕ್ಕಿತು. ಸಿಹಿತಿಂಡಿ ಮಾಡುವವರು ಚೈನಾ ಗ್ರಾಸ್ ಎಂದು ಕರೆಯುವುದು ಅಗಾರನ್ನೇ. ಎಳೆಯಾಗಿಯೂ ಪುಡಿಯಾಗಿಯೂ ದೊಡ್ಡ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ. ಸೂಚಕದ ಮಾತು ಬಗೆಹರಿದದ್ದು ಮನೆಯಲ್ಲಿ, ಒಂದು ಶುಭಕಾರ್ಯದ ಸಂಜೆ. ಅತ್ತೆ ಆರತಿ ತಟ್ಟೆಯ ನೀರಿಗೆ ಅರಿಶಿನ ಕದಡಿ, ಕಡಲೆಕಾಳಿನಷ್ಟು ಸುಣ್ಣ ಹಾಕಿ ಬೆರಳಾಡಿಸಿದರು. ಹಳದಿ ನೀರು ಕಣ್ಣೆದುರೇ ಓಕುಳಿಯಾಯಿತು. ವರ್ಷಾನುಗಟ್ಟಲೆ ನೋಡಿದ ಕೆಂಪನ್ನು ಅಂದು ಮೊದಲ ಬಾರಿ ರಸಾಯನಶಾಸ್ತ್ರವಾಗಿ ನೋಡಿದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಆಮ್ಲದಲ್ಲಿಯೂ ತಟಸ್ಥ ನೀರಿನಲ್ಲಿಯೂ ಹಳದಿಯಾಗಿದ್ದು, ಕ್ಷಾರ ತಗುಲಿದೊಡನೆ ಕೆಂಪಾಗುತ್ತದೆ. ಹಳದಿ ಗಟ್ಟಿಯನ್ನು ಕ್ಷಾರದಲ್ಲಿ ಮುಳುಗಿಸಿದರೆ ಕೆಂಪು ಹೊರಗಿನಿಂದ ಒಳಗೆ ನಡೆಯಬೇಕಷ್ಟೆ.

ಮೊದಲ ಎರಡು ಸಲ ಕೆಟ್ಟಿತು. ಕುದಿಯುವ ಚೈನಾ ಗ್ರಾಸಿಗೆ ಅಡುಗೆಮನೆಯ ಅರಿಶಿನವನ್ನೇ ಸುರಿದೆ. ಆರುವಷ್ಟರಲ್ಲಿ ಪುಡಿಯೆಲ್ಲ ತಳಕ್ಕೆ ಇಳಿದು, ಗಟ್ಟಿಯ ಕೆಳಭಾಗ ಕಡುಹಳದಿ, ಮೇಲ್ಭಾಗ ಗಂಜಿಯ ಬಣ್ಣ. ಎರಡನೆಯ ಸಲ ಪುಡಿಯನ್ನು ಸರ್ಜಿಕಲ್ ಸ್ಪಿರಿಟಿನಲ್ಲಿ ಒಂದು ಗಂಟೆ ನೆನೆಹಾಕಿ, ತೆಳುಬಟ್ಟೆಯಲ್ಲಿ ಸೋಸಿ, ಬಣ್ಣವನ್ನು ಮಾತ್ರ ಬಳಸಿದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಸ್ಪಿರಿಟಿನಲ್ಲಿ ಚೆನ್ನಾಗಿ ಕರಗುತ್ತದೆ. ಗಟ್ಟಿಯೇನೋ ಒಂದೇ ಬಣ್ಣಕ್ಕೆ ಬಂತು, ಆದರೆ ಮುಳುಗಿಸಲು ಆರಿಸಿಕೊಂಡ ಸುಣ್ಣದ ತಿಳಿನೀರು ಕೈಕೊಟ್ಟಿತು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದರ ಮೇಲೆ ಬಿಳಿಯ ಕೆನೆ ಕಟ್ಟಿತು. ಹೊತ್ತು ಕಳೆದಂತೆ ಅದರ ಶಕ್ತಿಯೂ ಕುಂದಿತು. ಮೂರನೆಯ ಸಲ ವಾಷಿಂಗ್ ಸೋಡಾ ತಂದೆ. ಅದನ್ನು ಕಾಲೇಜಿನ ಬೋರ್‌ವೆಲ್ ನೀರಿಗೆ ಹಾಕಿದರೆ, ಗಡಸು ನೀರಿನ ಸುಣ್ಣದಂಶವೆಲ್ಲ ಹೊರಬಿದ್ದು ನೀರು ಮಜ್ಜಿಗೆಯಂತಾಯಿತು. ಕೊನೆಗೆ ಮನೆಯಿಂದ ಎರಡು ಕ್ಯಾನ್ ಕಾವೇರಿ ನೀರು ಹೊತ್ತು ತಂದ ಮೇಲೆ ಕೆಲಸ ಹತ್ತಿತು. ಕಾವೇರಿ ನೀರಿನ ದಿನ, ಬೋರ್ ನೀರಿನ ದಿನ ಎಂದು ಲೆಕ್ಕವಿಟ್ಟು ಬದುಕುವ ಊರಿನಲ್ಲಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಮಾಡಿ ನೋಡಬಯಸುವವರಿಗಾಗಿ ಅಳತೆಯನ್ನು ಹೇಳಿಬಿಡುತ್ತೇನೆ. ಅರ್ಧ ಲೀಟರ್ ನೀರಿಗೆ 10 ಗ್ರಾಂ ಚೈನಾ ಗ್ರಾಸ್. ಎಳೆಯಾಗಿದ್ದರೆ ಅರ್ಧ ಗಂಟೆ ನೆನೆಸಿ, ಒಂದು ಎಳೆಯೂ ಕಾಣದಂತೆ ಕುದಿಸಿ ಕರಗಿಸಬೇಕು. ಒಲೆಯಿಂದ ಇಳಿಸಿ ಹಬೆ ಕಡಿಮೆಯಾದ ಮೇಲೆಯೇ ಸ್ಪಿರಿಟಿನಲ್ಲಿ ಸೋಸಿದ ಬಣ್ಣವನ್ನು ನಾಲ್ಕು ಚಮಚ ಬೆರೆಸಬೇಕು. ಉರಿಯ ಹತ್ತಿರ ಸ್ಪಿರಿಟ್ ತರುವುದು ಅಪಾಯ. ಅಗಾರಿಗೆ ಒಂದು ವಿಚಿತ್ರ ಗುಣವಿದೆ. ಕರಗಬೇಕಾದರೆ ಕುದಿಯುವಷ್ಟರ ಹತ್ತಿರದ ಬಿಸಿ ಬೇಕು, ಆದರೆ ಒಮ್ಮೆ ಕರಗಿದ ಮೇಲೆ 40 ಡಿಗ್ರಿಯ ಆಸುಪಾಸಿಗೆ ಇಳಿಯುವವರೆಗೂ ಅದು ಗಟ್ಟಿಯಾಗುವುದಿಲ್ಲ. ಹಾಗಾಗಿ ಅವಸರಪಡಬೇಕಾಗಿಲ್ಲ. ಮೂರು ಸೆಂಟಿಮೀಟರಿಗಿಂತ ಆಳವಿರುವ ಸ್ಟೀಲ್ ಡಬ್ಬಿಗೆ ಸುರಿದು ಒಂದು ಗಂಟೆ ಬಿಟ್ಟರೆ ಚಾಕುವಿಗೆ ಅಂಟದಂತೆ ಕತ್ತರಿಸಬಹುದು. ನಮ್ಮ ಅಟೆಂಡರ್ ಒಳಗೆ ಬಂದವರೇ ಡಬ್ಬಿ ನೋಡಿ, "ಇವತ್ತು ಯಾರ್ದು ಮೇಡಂ ಬರ್ತ್‌ಡೇ, ಹಲ್ವಾ ಬಂದಿದೆ?" ಎಂದು ಕೇಳಿದರು.

ಪ್ರಾಯೋಗಿಕ ತರಗತಿ ಎರಡು ಗಂಟೆಯದು. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪುಗಳಾಗಿ 1, 2 ಮತ್ತು 3 ಸೆಂಟಿಮೀಟರ್ ಬಾಹುವಿನ ಘನಗಳನ್ನು ಕತ್ತರಿಸಿ ಸೋಡಾ ನೀರಿಗೆ ಇಳಿಬಿಟ್ಟರು. ಐದು ನಿಮಿಷದಲ್ಲಿ ಮೂರೂ ಹೊರಗಿನಿಂದ ಇಟ್ಟಿಗೆಗೆಂಪಾದವು. ಹೊರನೋಟಕ್ಕೆ ಎಲ್ಲವೂ ಪೂರ್ತಿ ಕೆಂಪಾದಂತೆಯೇ ಕಾಣುತ್ತಿತ್ತು. ಅರ್ಧ ಗಂಟೆಗೆ ಪ್ರತಿಯೊಂದರಲ್ಲಿ ಒಂದನ್ನು ತೆಗೆದು, ಒರೆಸಿ, ನಡುಮಧ್ಯಕ್ಕೆ ಚಾಕು ಇಳಿಸಿದೆವು. ಸೀಳಿದ ಮುಖದಲ್ಲಿ ಕೆಂಪು ಚೌಕಟ್ಟು, ನಡುವೆ ಹಳದಿ ಚೌಕ. ಗಡಿ ಗೆರೆ ಎಳೆದಷ್ಟು ಖಚಿತವಾಗಿರಲಿಲ್ಲ. ಕೆಂಪಿನಿಂದ ಹಳದಿಗೆ ದಾಟುವಲ್ಲಿ ಕೂದಲೆಳೆಯಷ್ಟು ಕಿತ್ತಳೆ ಬಣ್ಣವಿತ್ತು. ಆ ಕಿತ್ತಳೆಯನ್ನು ಯಾವ ಕಡೆಗೆ ಸೇರಿಸಿ ಅಳೆಯಬೇಕೆಂದು ಗುಂಪು ಗುಂಪಿನಲ್ಲೂ ಜಗಳವಾಯಿತು. ಹಳದಿಯ ಅಂಚಿನಿಂದ ಅಳೆಯುವುದೆಂದು ಎಲ್ಲರಿಗೂ ಒಂದೇ ನಿಯಮ ಮಾಡಿದೆ. ಅರ್ಧ ಮಿಲಿಮೀಟರಿನ ಹೆಚ್ಚುಕಡಿಮೆ ಬಿಟ್ಟರೆ ಮೂರೂ ಘನಗಳಲ್ಲಿ ಕೆಂಪಿನ ಆಳ ಒಂದೇ ಆಗಿತ್ತು: 3 ಮಿಲಿಮೀಟರ್.

ಇಷ್ಟು ವರ್ಷ ನಾನು ಹಲಗೆಯ ಮೇಲೆ ಬರೆಯದೆ ಬಿಟ್ಟಿದ್ದು ಇದನ್ನೇ. ಹೊರಗಿನಿಂದ ಬರುವ ವಸ್ತುವಿಗೆ ತಾನು ಹೊಕ್ಕಿರುವುದು ದೊಡ್ಡ ಘನವೋ ಚಿಕ್ಕ ಘನವೋ ಎಂಬುದು ಗೊತ್ತಿಲ್ಲ. ಅದು ತನ್ನ ಪಾಡಿಗೆ ಅರ್ಧ ಗಂಟೆಯಲ್ಲಿ 3 ಮಿಲಿಮೀಟರ್ ನಡೆಯುತ್ತದೆ. ಉಳಿದದ್ದೆಲ್ಲ ನಮ್ಮ ಲೆಕ್ಕ. ಚಿಕ್ಕ ಘನದೊಳಗೆ 4 ಮಿಲಿಮೀಟರ್ ಬಾಹುವಿನ ಹಳದಿ ತಿರುಳು ಮಾತ್ರ ಉಳಿದಿತ್ತು, 0.4ರ ಘನ 0.064, ಅಂದರೆ ಶೇಕಡಾ 6.4 ಭಾಗಕ್ಕೆ ಮಾತ್ರ ಇನ್ನೂ ಏನೂ ತಲುಪಿರಲಿಲ್ಲ. ನಡುವಿನದರಲ್ಲಿ ಶೇಕಡಾ 34, ದೊಡ್ಡದರಲ್ಲಿ ಶೇಕಡಾ 51 ಭಾಗ ಹಳದಿಯಾಗಿಯೇ ಇತ್ತು. ಆ ಹಳದಿ ತಿರುಳು ಜೀವವಿರುವ ಕೋಶದ್ರವ್ಯವಾಗಿದ್ದರೆ ಅರ್ಧ ಗಂಟೆಯಿಂದ ಉಸಿರಿಲ್ಲದೆ ಕೂತಿರುತ್ತಿತ್ತು ಎಂದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು.

ಆಮೇಲೆ ನಡೆದದ್ದು ನಾನು ಯೋಜಿಸಿದ್ದಲ್ಲ. ಮಿಕ್ಕ ಘನಗಳನ್ನು ತರಗತಿಯ ಕೊನೆಯವರೆಗೂ ನೀರಿನಲ್ಲೇ ಬಿಟ್ಟಿದ್ದೆವು. ಎರಡು ಗಂಟೆ ಕಳೆದ ಮೇಲೆ ಸೀಳಿದಾಗ ಕೆಂಪಿನ ಆಳ ನಾಲ್ಕು ಪಟ್ಟು ಆಗಿ 12 ಮಿಲಿಮೀಟರ್ ತಲುಪಿರುತ್ತದೆಂದು ಮಕ್ಕಳು ಎಣಿಸಿದ್ದರು. ಇದ್ದದ್ದು 6 ಮಿಲಿಮೀಟರ್. ಹೊತ್ತು ನಾಲ್ಕು ಪಟ್ಟು, ದೂರ ಎರಡೇ ಪಟ್ಟು. ವಸ್ತುವಿನ ಕಣಗಳು ಹೀಗೆ ತಾವಾಗಿಯೇ ಹರಡುವುದಕ್ಕೆ ವಿಸರಣೆ ಎನ್ನುತ್ತಾರೆ, ಅದರ ಸ್ವಭಾವವೇ ಇದು. ಕಣಗಳು ಗುರಿಯಿಟ್ಟು ಮುಂದೆ ನಡೆಯುವುದಿಲ್ಲ, ಕೆ.ಆರ್. ಮಾರುಕಟ್ಟೆಯ ಸಂಜೆಯ ಸಂದಣಿಯಲ್ಲಿ ಸಿಕ್ಕಿದವರಂತೆ ಅತ್ತಿತ್ತ ತಳ್ಳಿಸಿಕೊಂಡು, ಹೋದ ದಾರಿಗೇ ಮರಳಿ, ಒಟ್ಟಾರೆ ಒಂದಿಷ್ಟು ದೂರ ಸರಿಯುತ್ತವೆ. ಹೀಗಾಗಿ ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಹೊತ್ತು, ಹತ್ತರಷ್ಟು ದೂರಕ್ಕೆ ನೂರರಷ್ಟು ಹೊತ್ತು ಬೇಕಾಗುತ್ತದೆ. ವಿಸರಣೆಯ ಗಣಿತವನ್ನು ಅಡಾಲ್ಫ್ ಫಿಕ್ 1855ರಲ್ಲಿ ಬರೆದಿಟ್ಟ. ಕಣಗಳ ಈ ಅಲೆದಾಟಕ್ಕೂ ಹೊತ್ತಿಗೂ ಇರುವ ನಂಟನ್ನು ಐನ್‌ಸ್ಟೀನ್ 1905ರಲ್ಲಿ ತೋರಿಸಿಕೊಟ್ಟ. ನಾವು ಅದನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆದೆವು. ಲೆಕ್ಕ ಮಾಡುತ್ತಿದ್ದ ಒಬ್ಬ ಹುಡುಗ, ಎರಡು ಗಂಟೆ ನೆನೆದ 2 ಸೆಂಟಿಮೀಟರಿನ ಘನದಲ್ಲಿ ಉಳಿದ ಹಳದಿಯೂ ಶೇಕಡಾ 6.4 ಎಂದು ಗಮನಿಸಿದ. ಚಿಕ್ಕ ಘನ ಅರ್ಧ ಗಂಟೆಯಲ್ಲಿ ಮುಟ್ಟಿದ ಸ್ಥಿತಿಯನ್ನು ಅದರ ಎರಡರಷ್ಟಿರುವ ಘನ ಮುಟ್ಟಲು ಸರಿಯಾಗಿ ನಾಲ್ಕು ಪಟ್ಟು ಹೊತ್ತು ಹಿಡಿದಿತ್ತು. ಮೇಲ್ಮೈ ಮತ್ತು ಘನಫಲದ ಅನುಪಾತ ಅರ್ಧಕ್ಕಿಳಿದರೆ ತೊಂದರೆ ದುಪ್ಪಟ್ಟಾಗುತ್ತದೆ ಎಂದು ನಾನು ಕಲಿಸುತ್ತಿದ್ದೆ; ಕಾಯುವ ಹೊತ್ತಿನ ದೃಷ್ಟಿಯಿಂದ ತೊಂದರೆ ನಾಲ್ಕು ಪಟ್ಟಾಗುತ್ತದೆ.

ಮುಂದಿನ ತರಗತಿಗೆ ನಿಜವಾದ ಅಂಕಿಗಳನ್ನು ಇಟ್ಟುಕೊಂಡು ಬಂದೆ. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನೀರಿನಲ್ಲಿ ಆಮ್ಲಜನಕದ ಅಣು ಸರಾಸರಿಯಾಗಿ 10 ಮೈಕ್ರೋಮೀಟರ್, ಅಂದರೆ ಸಾಮಾನ್ಯ ಪ್ರಾಣಿಕೋಶವೊಂದರ ಅಗಲವನ್ನು ದಾಟಲು ಸೆಕೆಂಡಿನ ನಲವತ್ತನೆಯ ಒಂದು ಭಾಗ ಸಾಕು. 1 ಮಿಲಿಮೀಟರಿಗೆ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. 1 ಸೆಂಟಿಮೀಟರಿಗೆ ಸುಮಾರು ಏಳು ಗಂಟೆ. 1 ಮೀಟರಿಗೆ ಸುಮಾರು ಎಂಟು ವರ್ಷ. ಕೊನೆಯ ಅಂಕಿಯನ್ನು ಮಕ್ಕಳು ನಂಬದೆ ತಾವೇ ಲೆಕ್ಕ ಹಾಕಿ ನೋಡಿದರು. ಇದು ಆಮ್ಲಜನಕದಂಥ ಪುಟ್ಟ ಅಣುವಿನ, ಅದೂ ಬರಿಯ ನೀರಿನಲ್ಲಿನ ಮಾತು. ಕೋಶದ ಒಳಗೆ ಪ್ರೋಟೀನುಗಳು ಒತ್ತೊತ್ತಾಗಿ ತುಂಬಿರುವುದರಿಂದ ಅಲ್ಲಿ ಒಂದು ಪ್ರೋಟೀನಿನ ಚಲನೆ ಇನ್ನೂ ನೂರಾರು ಪಟ್ಟು ನಿಧಾನ. 10 ಮೈಕ್ರೋಮೀಟರಿಗೆ ಅದಕ್ಕೆ ಕೆಲವು ಸೆಕೆಂಡುಗಳೇ ಬೇಕು.

ನಮ್ಮ ಘನ ಜೀವಕೋಶದ ತೀರ ಒರಟು ನಕಲು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅದಕ್ಕೆ ಪೊರೆಯಿಲ್ಲ, ಬೇಕಾದದ್ದನ್ನು ಆರಿಸಿ ಒಳಬಿಡುವ ಬಾಗಿಲುಗಳಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಹಸಿವಿಲ್ಲ. ಜೀವವಿರುವ ಕೋಶದಲ್ಲಿ ಒಳಬಂದ ಆಮ್ಲಜನಕವನ್ನು ದಾರಿಯುದ್ದಕ್ಕೂ ತಿಂದು ಮುಗಿಸುವವರಿದ್ದಾರೆ. ಎಷ್ಟು ಹೊತ್ತು ಕಾದರೂ ಒಂದು ಆಳದಿಂದ ಮುಂದೆ ಏನೂ ತಲುಪುವುದೇ ಇಲ್ಲ. ಅಗಾರಿನ ಘನ ರಾತ್ರಿ ಬಿಟ್ಟರೆ ಬೆಳಿಗ್ಗೆ ಪೂರ್ತಿ ಕೆಂಪಾಗುತ್ತದೆ, ಅಷ್ಟೇ ದೊಡ್ಡ ಮಾಂಸದ ಗಟ್ಟಿಗೆ ಆ ಭಾಗ್ಯವಿಲ್ಲ. ನಮ್ಮ ದೇಹ ಕೋಟಿಗಟ್ಟಲೆ ಲೋಮನಾಳಗಳನ್ನು ನೇಯ್ದುಕೊಂಡಿರುವುದು ಇದಕ್ಕಾಗಿಯೇ. ಹೆಚ್ಚಿನ ಅಂಗಾಂಶಗಳಲ್ಲಿ ಯಾವ ಕೋಶವೂ ರಕ್ತದಿಂದ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಕ್ಕಿಂತ ದೂರವಿಲ್ಲ. ಸ್ನಾಯುಗಳಲ್ಲಿ ಈ ಲೋಮನಾಳಗಳ ಹರಿವು ಬೇಡಿಕೆಗೆ ತಕ್ಕಂತೆ ಹೇಗೆ ಏರಿಳಿಯುತ್ತದೆಂದು ಕಂಡುಹಿಡಿದ ಆಗಸ್ಟ್ ಕ್ರೋಗ್‌ಗೆ 1920ರ ನೊಬೆಲ್ ಬಂತು. ಆನೆಯ ಯಕೃತ್ತಿನ ಕೋಶ ಇಲಿಯದಕ್ಕಿಂತ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಆನೆಗೆ ಇರುವುದು ಹೆಚ್ಚು ಕೋಶಗಳು. ಇದನ್ನು ಹೇಳುವಾಗ ನಮ್ಮ ಘನವನ್ನೇ ಮತ್ತೆ ಎತ್ತಿಕೊಂಡೆ. 1 ಸೆಂಟಿಮೀಟರಿನ ಆ ಘನವನ್ನು 10 ಮೈಕ್ರೋಮೀಟರಿನ ಘನಗಳಾಗಿ ಹೆಚ್ಚಿದರೆ ನೂರು ಕೋಟಿ ತುಂಡುಗಳಾಗುತ್ತವೆ. 6 ಚದರ ಸೆಂಟಿಮೀಟರ್ ಇದ್ದ ಮೇಲ್ಮೈ 6000 ಆಗುತ್ತದೆ, ಹೆಚ್ಚೂಕಡಿಮೆ ಅವರು ಕೂರುವ ಡೆಸ್ಕಿನ ಮೇಲ್ಭಾಗದಷ್ಟು.

ಮೊಟ್ಟೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಅದನ್ನು ಬಿಡಿಸಿದ್ದು ನಾಲ್ಕನೆಯ ತುಂಡು. ಮಾರನೆಯ ವಾರ ಅದೇ ಅರಿಶಿನದ ಗಟ್ಟಿಯಲ್ಲಿ 4 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, ಅರ್ಧ ಸೆಂಟಿಮೀಟರ್ ದಪ್ಪದ ಒಂದು ಹಲ್ಲೆಯನ್ನು ಕತ್ತರಿಸಿಕೊಂಡೆ. ಅದರ ಘನಫಲ 8 ಘನ ಸೆಂಟಿಮೀಟರ್, 2 ಸೆಂಟಿಮೀಟರಿನ ಘನದಷ್ಟೇ. ಎರಡನ್ನೂ ಒಟ್ಟಿಗೆ ಸೋಡಾ ನೀರಿಗೆ ಹಾಕಿ ಅರ್ಧ ಗಂಟೆಗೆ ತೆಗೆದೆವು. ಘನದಲ್ಲಿ ಮೂರನೆಯ ಒಂದು ಭಾಗ ಹಳದಿ. ಹಲ್ಲೆಯನ್ನು ಎಲ್ಲಿ ಸೀಳಿದರೂ ಹಳದಿಯ ಸುಳಿವಿಲ್ಲ. ಎರಡು ಕಡೆಯಿಂದ ಮೂರು ಮೂರು ಮಿಲಿಮೀಟರ್ ನಡೆದು ಬಂದ ಕೆಂಪು ನಡುವೆ ಕೂಡಿಕೊಂಡಿತ್ತು. ಮೇಲ್ಮೈಯನ್ನು ಅಳೆದರೆ ಘನದ್ದು 24, ಹಲ್ಲೆಯದು 40. "ತಟ್ಟೆ ಇಡ್ಲಿ ಥರ ಮೇಡಂ," ಎಂದ ಬಿಡದಿಯ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗ, "ಅಗಲ ಎಷ್ಟಿದ್ರೂ ಮಾಮೂಲಿ ಇಡ್ಲಿ ಬೇಯೋ ಟೈಮಲ್ಲೇ ಬೇಯುತ್ತೆ. ಅದೇ ಹಿಟ್ಟನ್ನ ಚೊಂಬಲ್ಲಿ ಹುಯ್ದು ಇಟ್ರೆ ಒಳಗೆ ಹಸಿನೇ." ಶಾಖ ಹರಡುವುದಕ್ಕೂ ಇದೇ ಗಣಿತ ಅನ್ವಯಿಸುತ್ತದೆಯಾದ್ದರಿಂದ ಹೋಲಿಕೆಯಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ. ಮೇಲೆ ಆರಿದಂತೆ ಕಂಡ ರಾಗಿಮುದ್ದೆಯನ್ನು ನಂಬಿ ಬೆರಳಿಳಿಸಿದವರಿಗೂ ಇದು ಗೊತ್ತಿರುತ್ತದೆ.

ಆಗ ಮೊಟ್ಟೆಯ ಪ್ರಶ್ನೆ ಕೇಳಿದ್ದ ಹುಡುಗಿ ಹೇಳಿದಳು: "ಹಂಗಾದ್ರೆ ಜೀವಕೋಶ ಚಿಕ್ಕದಾಗಿರ್ಬೇಕು ಅಂತೇನಿಲ್ಲ ಮೇಡಂ, ತೆಳ್ಳಗಿದ್ರೆ ಸಾಕು." ನಾನು ಹನ್ನೆರಡು ವರ್ಷ ಹೇಳದೆ ಬಿಟ್ಟಿದ್ದ ಅರ್ಧ ಮಾತು ಇದೇ. ಅಳೆಯಬೇಕಾದದ್ದು ಕೋಶದ ಗಾತ್ರವನ್ನಲ್ಲ, ಅದರೊಳಗಿನ ಅತಿ ದೂರದ ಬಿಂದುವಿನಿಂದ ಹತ್ತಿರದ ಪೊರೆಗೆ ಇರುವ ದೂರವನ್ನು. ಅಲ್ಲಿಂದ ಮುಂದೆ ನಾನು ಅಪವಾದಗಳೆಂದು ಪಕ್ಕಕ್ಕಿಡುತ್ತಿದ್ದವೆಲ್ಲ ತಾವಾಗಿಯೇ ಸಾಲಿಗೆ ಬಂದು ನಿಂತವು. ನರಕೋಶದ ತಂತು ಮೀಟರ್ ಉದ್ದವಿದ್ದರೂ ಅದರ ದಪ್ಪ ಕೆಲವೇ ಮೈಕ್ರೋಮೀಟರ್. ನಮ್ಮ ಕೆಂಪು ರಕ್ತಕಣ 7ರಿಂದ 8 ಮೈಕ್ರೋಮೀಟರ್ ಅಗಲದ, ಅಂಚಿನಲ್ಲಿ 2 ಮೈಕ್ರೋಮೀಟರಿನಷ್ಟು ದಪ್ಪದ, ನಡುವೆ ಇನ್ನೂ ತೆಳುವಾದ ಬಿಲ್ಲೆ. ಅದರಲ್ಲಿ ಹಿಡಿಯುವ ಸುಮಾರು 90 ಘನ ಮೈಕ್ರೋಮೀಟರ್ ದ್ರವ್ಯವನ್ನೇ ಗುಂಡಗೆ ಉಂಡೆ ಕಟ್ಟಿದ್ದರೆ ಮೇಲ್ಮೈ 97 ಚದರ ಮೈಕ್ರೋಮೀಟರ್ ಆಗುತ್ತಿತ್ತು. ಬಿಲ್ಲೆಯಾಗಿರುವುದರಿಂದ 135ಕ್ಕೂ ಹೆಚ್ಚಿದೆ. ಬೇರಿನ ರೋಮವೂ ಒಂದೇ ಕೋಶ, ಅದೂ ಸಪೂರ ಕೊಳವೆ.

ಮೊಟ್ಟೆಯನ್ನು ತರಗತಿಯಲ್ಲಿಯೇ ಒಡೆದು ತಟ್ಟೆಗೆ ಹಾಕಿದೆವು. ಬಿಳಿಯ ಲೋಳೆಯೂ ಚಿಪ್ಪೂ ಕೋಶದ ಭಾಗಗಳಲ್ಲ, ಹಳದಿ ಭಂಡಾರವೊಂದೇ ಕೋಶ ಎಂಬುದನ್ನು ಮೊದಲು ಹೇಳಿದೆ. ಆಮೇಲೆ ಭಂಡಾರವನ್ನು ಚಮಚದ ಹಿಡಿಯಿಂದ ನಿಧಾನವಾಗಿ ಉರುಳಿಸಿ, ಅದರ ಮೇಲ್ಮೈಯಲ್ಲಿರುವ ಬೆಳ್ಳನೆಯ ಚುಕ್ಕೆಯನ್ನು ತೋರಿಸಿದೆ. ಮೂರು ನಾಲ್ಕು ಮಿಲಿಮೀಟರ್ ಅಗಲದ, ಪೊರೆಗೆ ಅಂಟಿಕೊಂಡ ತೆಳು ಬಿಲ್ಲೆ ಅದು. ಕೋಶಕೇಂದ್ರವೂ ಚಟುವಟಿಕೆಯುಳ್ಳ ಕೋಶದ್ರವ್ಯವೂ ಬಹುಮಟ್ಟಿಗೆ ಅಲ್ಲಿಯೇ ಇರುತ್ತವೆ. ಮಿಕ್ಕ ಹಳದಿಯೆಲ್ಲ ಕಣಜ. ಕಣಜಕ್ಕೆ ಉಸಿರಾಟ ಬೇಕಿಲ್ಲ. ಕೋಳಿಮೊಟ್ಟೆಯೂ ಆ ಲೆಕ್ಕವನ್ನು ಮುರಿದಿರಲಿಲ್ಲ. ಆ ಚುಕ್ಕೆಯನ್ನು ನೋಡಲು ಮೊಟ್ಟೆ ಮುಟ್ಟದ ಮನೆಗಳ ಮಕ್ಕಳೂ ಮೇಜಿನ ಸುತ್ತ ಮುಗಿಬಿದ್ದರು.

ಬ್ಯಾಕ್ಟೀರಿಯಾಗಳಲ್ಲಿ ಇದೇ ಉಪಾಯ ಇನ್ನೂ ಸ್ಪಷ್ಟವಾಗಿದೆ. ನಮ್ಮ ಕರುಳಿನ ಇ. ಕೋಲೈ 2 ಮೈಕ್ರೋಮೀಟರಿನಷ್ಟು ಉದ್ದ. ನಮೀಬಿಯಾದ ಕಡಲ ತಳದ ಕೆಸರಿನಲ್ಲಿ ಕಂಡುಬಂದು 1999ರಲ್ಲಿ ವರದಿಯಾದ ಥಿಯೋಮಾರ್ಗರೀಟ ನಮೀಬಿಯೆನ್ಸಿಸ್ ಮುಕ್ಕಾಲು ಮಿಲಿಮೀಟರಿನವರೆಗೂ ಬೆಳೆಯುತ್ತದೆ. ಆದರೆ ಅದರ ಒಡಲಿನ ಶೇಕಡಾ 98ರಷ್ಟು ಭಾಗ ನೈಟ್ರೇಟ್ ತುಂಬಿದ ರಸದಾನಿ ಎಂಬ ಚೀಲ, ಕೋಶದ್ರವ್ಯವಿರುವುದು ಪೊರೆಯ ಒಳಮಗ್ಗುಲಿಗೆ ಸವರಿದಂತೆ. ಅದರ ಬಳಗದ್ದೇ ಆದ ಥಿಯೋಮಾರ್ಗರೀಟ ಮ್ಯಾಗ್ನಿಫಿಕಾವನ್ನು 2022ರಲ್ಲಿ ಪ್ರಕಟಿಸಿದಾಗ ಅದರ ಉದ್ದ ಸುಮಾರು ಒಂದು ಸೆಂಟಿಮೀಟರ್ ಎಂದು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದ ಮ್ಯಾಂಗ್ರೋವ್ ಕಾಡಿನ ಕೊಳೆತ ಎಲೆಗಳ ಮೇಲೆ ಬೆಳೆಯುವ, ಬರಿಗಣ್ಣಿಗೆ ಬಿಳಿಯ ದಾರದ ತುಂಡಿನಂತೆ ಕಾಣುವ ಬ್ಯಾಕ್ಟೀರಿಯಾ ಅದು. ಅದರಲ್ಲಿಯೂ ನಡುವೆ ದೊಡ್ಡ ರಸದಾನಿ, ಅಂಚಿನಲ್ಲಿ ಜೀವ. ಜೊತೆಗೆ ಒಂದೇ ಕೋಶದಲ್ಲಿ ಜೀನೋಮಿನ, ಅಂದರೆ ಅದರ ಇಡೀ ಡಿಎನ್‌ಎಯ, ಲಕ್ಷಾಂತರ ಪ್ರತಿಗಳು ಕೋಶದುದ್ದಕ್ಕೂ ಹಂಚಿಕೊಂಡಿರುತ್ತವೆ.

ಈ ಕೊನೆಯ ಸಂಗತಿ ಇನ್ನೊಂದು ಮಿತಿಯನ್ನು ಎತ್ತಿ ತೋರಿಸುತ್ತದೆ. ಒಂದು ಜೊತೆ ಡಿಎನ್‌ಎಯಿಂದ ಇಂತಿಷ್ಟು ಕೋಶದ್ರವ್ಯಕ್ಕೆ ಮಾತ್ರ ಬೇಕಾದ ವೇಗದಲ್ಲಿ ಪ್ರೋಟೀನ್ ತಯಾರಿಸಿ ಕೊಡಲು ಸಾಧ್ಯ. ಹಾಗಾಗಿ ಕೋಶಗಳು ತಮ್ಮ ಬೆಳವಣಿಗೆಯನ್ನು ಅಳೆದುಕೊಂಡೇ ವಿಭಜನೆಗೆ ತೊಡಗುತ್ತವೆ. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಪಾಲ್ ನರ್ಸ್ ಒಂದು ಬಗೆಯ ಯೀಸ್ಟಿನಲ್ಲಿ ಅವಸರಪಟ್ಟು, ಮಾಮೂಲಿಯ ಅರ್ಧದಷ್ಟಿರುವಾಗಲೇ ಇಬ್ಭಾಗವಾಗುವ ರೂಪಾಂತರಿಗಳನ್ನು ಕಂಡ. ಸ್ಕಾಟ್ಲೆಂಡಿನ ಮಾತಿನಲ್ಲಿ ಪುಟ್ಟದು ಎಂಬ ಅರ್ಥದ ವೀ ಎಂಬ ಹೆಸರನ್ನೇ ಅವಕ್ಕೆ ಇಟ್ಟರು. ಕೋಶಚಕ್ರದ, ಅಂದರೆ ಕೋಶ ಬೆಳೆದು ಇಬ್ಭಾಗವಾಗುವ ಸರದಿಯ, ಈ ಕೆಲಸಕ್ಕೆ ನರ್ಸ್‌ಗೆ 2001ರ ನೊಬೆಲ್‌ನಲ್ಲಿ ಪಾಲು ದೊರೆಯಿತು. ಇದನ್ನು ತರಗತಿಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಅರಿಶಿನದಲ್ಲಿ ತೋರಿಸಲಾಗದ್ದನ್ನು ಬಾಯಿಮಾತಿನಲ್ಲಿ ತೋರಿಸುವುದು ಕಷ್ಟ.

ತೋರಿಸಬಹುದಾದದ್ದು ಇನ್ನೊಂದಿದೆ, ಅದು ಹೈಡ್ರಿಲ್ಲ ಎಂಬ ನೀರಿನ ಗಿಡ. ತೆಳ್ಳಗಾಗದೆಯೂ ದೊಡ್ಡದಾಗಬೇಕೆಂದರೆ ವಿಸರಣೆಯನ್ನು ನೆಚ್ಚಿಕೊಂಡು ಕೂರದೆ ಸರಕನ್ನು ತಾನೇ ಸಾಗಿಸಬೇಕು. ಅಕ್ವೇರಿಯಂ ಅಂಗಡಿಯಿಂದ ತಂದ ಹೈಡ್ರಿಲ್ಲದ ಎಳೆಯ ಎಲೆಯೊಂದನ್ನು ಬಿಡಿಸಿ, ಅದೇ ತೊಟ್ಟಿಯ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿದರೆ ಮೊದಲಿಗೆ ಏನೂ ಅಲ್ಲಾಡುವುದಿಲ್ಲ. ಇಲ್ಲಿಯೇ ಬಹಳ ಜನ ಕೈಬಿಡುತ್ತಾರೆ. ದೀಪದ ಬೆಳಕಿನಲ್ಲಿ ಐದಾರು ನಿಮಿಷ ಬಿಟ್ಟು, ಎಲೆಯ ನಡುನಾಳದ ಬಳಿಯ ಉದ್ದನೆಯ ಕೋಶಗಳನ್ನು ನೋಡಬೇಕು. ಹಸಿರು ಮಣಿಗಳಂಥ ಕ್ಲೋರೋಪ್ಲಾಸ್ಟುಗಳು ಒಂದರ ಹಿಂದೊಂದು ಕೋಶದ ಗೋಡೆಯ ಗುಂಟ ಸಾಗಿ, ಮೂಲೆಯಲ್ಲಿ ತಿರುಗಿ, ಎದುರು ಗೋಡೆಯ ಗುಂಟ ಮರಳಿ ಬರುತ್ತವೆ. ಕೆರೆಗಳಲ್ಲಿ ಬೆಳೆಯುವ ಕಾರಾ ಎಂಬ ಪಾಚಿಯಲ್ಲಿ ಗಿಣ್ಣುಗಳ ನಡುವಿನ ಒಂದೊಂದು ಕೋಶವೂ ಸೆಂಟಿಮೀಟರುಗಟ್ಟಲೆ ಉದ್ದವಿರುತ್ತದೆ, ಅಲ್ಲಿ ಈ ಪ್ರವಾಹದ ವೇಗ ಸೆಕೆಂಡಿಗೆ 50ರಿಂದ 100 ಮೈಕ್ರೋಮೀಟರ್. 100 ಎಂದೇ ಹಿಡಿದರೆ ಒಂದು ಸೆಂಟಿಮೀಟರಿಗೆ 100 ಸೆಕೆಂಡು. ವಿಸರಣೆಯನ್ನೇ ನೆಚ್ಚಿದ್ದರೆ ಆಮ್ಲಜನಕಕ್ಕೂ ಏಳು ಗಂಟೆ ಹಿಡಿಯುತ್ತಿತ್ತು. ನರತಂತುವಿನಲ್ಲಿಯೂ ಉದ್ದದ ದಿಕ್ಕಿನ ಸಾಗಣೆಗೆ ಕೈನೆಸಿನ್ ಎಂಬ ಹಮಾಲಿ ಪ್ರೋಟೀನುಗಳಿದ್ದು, ಅವು ದಿನಕ್ಕೆ 400 ಮಿಲಿಮೀಟರಿನವರೆಗೂ ಸರಕು ಹೊರುತ್ತವೆ. ಸೊಂಟದಿಂದ ಕಾಲ್ಬೆರಳಿಗೆ ಎರಡೂವರೆ ದಿನ.

ಕಳೆದ ವರ್ಷ ಪ್ರಯೋಗ ಮುಗಿದಾಗ ಸಂಜೆ ನಾಲ್ಕಾಗಿತ್ತು. ಒಬ್ಬ ಹುಡುಗಿ, 3 ಸೆಂಟಿಮೀಟರಿನ ಘನ ಪೂರ್ತಿ ಕೆಂಪಾಗಲು 15 ಮಿಲಿಮೀಟರ್ ನಡೆಯಬೇಕು, 3 ಮಿಲಿಮೀಟರಿನ ಐದು ಪಟ್ಟು, ಹಾಗಾದರೆ ಅರ್ಧ ಗಂಟೆಯ ಇಪ್ಪತ್ತೈದು ಪಟ್ಟು, ಬೆಳಗಿನ ಜಾವ ನಾಲ್ಕೂವರೆಗೆ ಆಗಬೇಕು ಎಂದು ಲೆಕ್ಕ ಹೇಳಿದಳು. ಆ ಹೊತ್ತಿಗೆ ಕಾಲೇಜಿನಲ್ಲಿ ಯಾರಿರುತ್ತಾರೆ? ಊಟದ ಡಬ್ಬಿ ತೊಳೆದು, ಹೊಸ ಸೋಡಾ ನೀರು ತುಂಬಿ, ಎರಡು ಹಳದಿ ಘನಗಳನ್ನು ನಾಲ್ಕು ಗಂಟೆಗೆ ಸರಿಯಾಗಿ ಅದರಲ್ಲಿ ಹಾಕಿಕೊಂಡು ಬಸ್ ಹತ್ತಿದಳು. ರಾತ್ರಿ ಹತ್ತಕ್ಕೆ ಒಂದನ್ನು ಸೀಳಿ ಸ್ಕೇಲಿನ ಪಕ್ಕದಲ್ಲಿಟ್ಟು ಫೋಟೋ ಕಳಿಸಿದಳು. ಆರು ಗಂಟೆ ಕಳೆದಿದ್ದರಿಂದ ಲೆಕ್ಕದಂತೆ ಕೆಂಪಿನ ಆಳ 10.4 ಮಿಲಿಮೀಟರ್ ಆಗಿ, ನಡುವೆ 9 ಮಿಲಿಮೀಟರಿಗೆ ತುಸು ಹೆಚ್ಚಿನ ಹಳದಿ ಉಳಿಯಬೇಕಿತ್ತು. ಉಳಿದದ್ದು 8 ಮಿಲಿಮೀಟರ್; ಚೌಕವಾಗಿಯೂ ಇರಲಿಲ್ಲ, ಮೂಲೆಗಳು ಸವೆದು ಹೆಚ್ಚೂಕಡಿಮೆ ಗುಂಡಗಾಗಿತ್ತು. ಬೆಳಿಗ್ಗೆ ಐದಕ್ಕೆ ಇನ್ನೊಂದನ್ನು ಸೀಳಿದಾಗ ಎಲ್ಲೂ ಹಳದಿ ಇರಲಿಲ್ಲವಂತೆ. ಆದರೆ ಅವಳನ್ನು ಕಾಡಿದ್ದು ರಾತ್ರಿಯ ಆ ಒಂದು ಮಿಲಿಮೀಟರ್. ತರಗತಿಗೆ ಬಂದವಳೇ, "ಲೆಕ್ಕ ತಪ್ಪಾಯ್ತಾ ಮೇಡಂ, ಅಳತೆ ತಪ್ಪಾಯ್ತಾ?" ಎಂದು ಕೇಳಿದಳು. ಎರಡೂ ಅಲ್ಲ ಎಂದೆ. ನಮ್ಮ ಲೆಕ್ಕ ಒಂದು ಮುಖದಿಂದ ಒಳಬರುವ ಕೆಂಪಿನದು. ತಿರುಳು ಕಿರಿದಾದಂತೆ ಆರೂ ಮುಖಗಳಿಂದ ಬರುವ ಕ್ಷಾರ ಒಂದಕ್ಕೊಂದು ಕೂಡಿಕೊಳ್ಳತೊಡಗುತ್ತದೆ, ಎರಡು ಮೂರು ಮುಖಗಳು ಸೇರುವ ಅಂಚು ಮೂಲೆಗಳಲ್ಲಂತೂ ಮೊದಲೇ. ಮೂಲೆಗಳೇ ಇಲ್ಲದ ಉಂಡೆಯಾದರೆ ಹೇಗಾಗುತ್ತದೆಂದು ಅವಳು ಕೇಳಿದಳು. ಈ ಸಲ ಪಡ್ಡಿನ ಕಾವಲಿಯಲ್ಲಿ ಅಚ್ಚು ಹೊಯ್ದು ನೋಡುವುದೆಂದು ಮಾತಾಗಿದೆ.